ಹಗ್ಗ ಸಮೇತ ಮಾರಿದ ಎತ್ತು

ನಮ್ಮ ಎಡಗೋಲಿನ ಎತ್ತು ಸತ್ತದ್ದು ಕಬ್ಬು ಕಟಾವು ಇನ್ನೇನು ಬಂತು ಅನ್ನುವಾಗ. ಬೆಳಿಗ್ಗೆ ಮೇವು ಮುಟ್ಟಲಿಲ್ಲ, ಮಧ್ಯಾಹ್ನಕ್ಕೆ ಹೊಟ್ಟೆ ತಮಟೆಯಂತೆ ಬಿಗಿಯಿತು, ಸಂಜೆಗೆ ಕಾಲು ಚಾಚಿತು. ದನದ ಡಾಕ್ಟರು ಬಂದು, ಪ್ಲಾಸ್ಟಿಕ್ ಕವರು ತಿಂದಿರಬೇಕು ಎಂದರು. ಇರಬಹುದು. ಆದರೆ ನಮ್ಮ ಹಿತ್ತಲ ಪಕ್ಕದವನು ಆ ವಾರವೆಲ್ಲ ನನ್ನ ಮುಖ ಕಂಡರೆ ದಾರಿ ಬದಲಿಸುತ್ತಿದ್ದುದನ್ನು ನಾನು ಗಮನಿಸಿದ್ದೆ. ಅವನು ತನ್ನ ಜೋಳಕ್ಕೆ ಹುಳ ಸಾಯಿಸುವ ಎಣ್ಣೆ ಹೊಡೆಸಿದ್ದ. ಕೇಳಿದರೆ, "ನಿಮ್ಮೆತ್ತು ನನ್ ಹೊಲಕ್ಕೆ ಯಾಕ್ ಬತ್ತದಣ್ಣೋ" ಎಂದ. ಬಂದಿಲ್ಲ ಎನ್ನಲಿಲ್ಲ, ಯಾಕೆ ಬರುತ್ತದೆ ಎಂದ. ಆ ಎರಡು ಮಾತಿಗೂ ವ್ಯತ್ಯಾಸವಿದೆ.

ಎತ್ತು ಕಟ್ಟದವರಿಗೆ ಇದೊಂದು ಹೇಳಬೇಕು. ನೊಗದ ಎಡಕ್ಕೆ ಕಟ್ಟಿ ಪಳಗಿಸಿದ್ದು ಎಡಗೋಲಿನ ಎತ್ತು, ಬಲಕ್ಕೆ ಪಳಗಿದ್ದು ಬಲಗೋಲಿನದು. ಒಂದರ ಜಾಗಕ್ಕೆ ಇನ್ನೊಂದನ್ನು ಕಟ್ಟಿದರೆ ಗಾಡಿ ಗದ್ದೆಗೆ ಇಳಿಯುತ್ತದೆ. ನನಗೆ ಉಳಿದದ್ದು ಬಲಗೋಲಿನ ಬೂದಿ ಎತ್ತು. ಜೊತೆಯದು ಹೋದ ಮೇಲೆ ಅದು ಅರ್ಧ ಹುಲ್ಲು ತಿಂದು ಅರ್ಧ ಬಿಡುತ್ತಿತ್ತು. ಎಡಗಡೆ ಖಾಲಿ ಜಾಗಕ್ಕೆ ಮುಖ ತಿರುಗಿಸಿಕೊಂಡು ನಿಂತಿರುತ್ತಿತ್ತು.

ನನಗೆ ಬೇಕಾದದ್ದು ಅದರ ಎತ್ತರದ್ದು, ಅದರ ನಡಿಗೆಯದು, ಎಡಗೋಲಿಗೆ ಪಳಗಿದ್ದು. ಅದೂ ಕಾರ್ಖಾನೆಯಿಂದ ಕಟಾವಿನ ಆರ್ಡರು ಬರುವುದರೊಳಗೆ. ಅದು ಬಂದ ಮೇಲೆ ಕಬ್ಬು ಕಾಯುವುದಿಲ್ಲ. ಕಡಿದದ್ದನ್ನು ಸಾಗಿಸಲೇಬೇಕು, ಇಲ್ಲದಿದ್ದರೆ ಗದ್ದೆಯಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಪಾಂಡವಪುರದ ಸುತ್ತ ಟ್ರಾಕ್ಟರುಗಳು ಹೆಚ್ಚಾಗುತ್ತಿದ್ದವು. ನಮ್ಮೂರಿಗೂ ಒಂದು ಬಂದಿತ್ತು. ಅದರ ಯಜಮಾನ ನಮ್ಮ ಜಗುಲಿಯ ಮುಂದೆ ನಿಧಾನ ಮಾಡಿ, "ಏನಣ್ಣ, ಯೋಳ್ಕಳಿಸು, ಬತ್ತೀನಿ" ಅಂತ ನಗುತ್ತಾ ಹೋಗುತ್ತಿದ್ದ. ನನ್ನ ಹೆಂಡತಿಯೂ ಒಂದು ದಿನ ಹೇಳಿದಳು: "ಇರೋ ಒಂದನ್ನೂ ಮಾರ್ಬುಟ್ಟು ಅವ್ನಿಗೇ ಯೋಳ್ಬುಡಿ. ಯಾಕ್ ಒದ್ದಾಡ್ತೀರಾ?"

ನಾನು ಐದನೇ ಕ್ಲಾಸಿಗೆ ಸ್ಲೇಟು ಬಿಟ್ಟು ನೊಗ ಹಿಡಿದವನು. ಅವತ್ತಿನಿಂದ ನನ್ನ ಕಬ್ಬು ಬೇರೆಯವರ ಗಾಡಿ ಹತ್ತಿಲ್ಲ. ಬೇರೆಯವರ ಕಬ್ಬು ನನ್ನ ಗಾಡಿ ಹತ್ತಿದೆ. ಅದನ್ನು ಉಲ್ಟಾ ಮಾಡುವುದಕ್ಕೆ ನನಗೆ ಮನಸ್ಸಿರಲಿಲ್ಲ. ಹೇಮಗಿರಿ ಜಾತ್ರೆಯವರೆಗೆ ತಡಿ, ಅಲ್ಲಿ ಬೇಕಾದಷ್ಟು ದನ ಬರುತ್ತವೆ ಎಂದು ಕೆಲವರು ಹೇಳಿದರು. ನಾನು ತಡೆದರೂ ಆರ್ಡರು ತಡೆಯುವುದಿಲ್ಲ. ಹಾಗಾಗಿ ಸಂತೆ ತಿರುಗಲು ಹೊರಟೆ. ಜೊತೆಗೆ ನನ್ನ ಹೆಂಡತಿಯ ತಮ್ಮನನ್ನು ಕರೆದುಕೊಂಡೆ. ಮದುವೆಯಾಗಿ ಎರಡು ಮಕ್ಕಳ ತಂದೆ, ಆದರೂ ಸಂತೆಗೆ ಹೊರಟರೆ ಮದುವೆ ಗಂಡಿನಂತೆ ತಲೆಗೆ ಎಣ್ಣೆ ಹಾಕಿ ಬಾಚುತ್ತಿದ್ದ. ಅವನಿಗೆ ಎಲ್ಲರೂ ಒಳ್ಳೆಯವರೇ. ಅವನು ನಂಬಲಿ, ನಾನು ಅನುಮಾನ ಪಡುತ್ತೇನೆ, ಇಬ್ಬರೂ ಸೇರಿದರೆ ಸರಿಹೋಗುತ್ತದೆ ಎಂದು ನನ್ನ ಲೆಕ್ಕ.

ಮೊದಲು ಹೋದದ್ದು ಶ್ರೀರಂಗಪಟ್ಟಣಕ್ಕೆ. ಬೂದಿ ಎತ್ತಿನ ಎತ್ತರವನ್ನು ಒಂದು ಬಿದಿರು ಕೋಲಿಗೆ ಅಳೆದು, ಭುಜದ ಮಟ್ಟಕ್ಕೆ ಕಚ್ಚು ಹಾಕಿ, ಆ ಕೋಲನ್ನು ಹೆಗಲ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು, "ಯಾರಿಗ್ ಒಡೆಯೋಕಣ್ಣ?" ಎಂದ.

ಅಲ್ಲಿ ಸಂತೆಯೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಹೊಗೆಸೊಪ್ಪು, ಆಮೇಲೆ ಒಣಮೆಣಸಿನಕಾಯಿ. ಟಾರ್ಪಾಲಿನ ಕೆಳಗೆ ಕುಳಿತವರೆಲ್ಲ ಬದನೆಕಾಯಿಗೆ ನೀರು ಚಿಮುಕಿಸುತ್ತಲೇ ಇರುತ್ತಾರೆ. ಹೊಳೆ ಪಕ್ಕದ ಊರಿನಲ್ಲಿ ನೀರಿಗೇನು ಬರ. ನೀರು ಕುಡಿದ ಸೊಪ್ಪು ತಕ್ಕಡಿಯಲ್ಲಿ ಚೆನ್ನಾಗಿ ಕೂರುತ್ತದೆ. ನಾನು ಸೊಪ್ಪಿನ ಕಂತೆ ಎತ್ತಿ ಒಂದು ಸಲ ಒದರಿದರೆ ಮಾರುವ ಹೆಂಗಸು, "ಒಸಿ ಮೆತ್ತಗೆ, ನಿಮ್ಮನೆ ಬಟ್ಟೆ ಅಲ್ಲ ಅದು" ಎಂದು ಗದರಿದಳು. ಬಾಮೈದ ಆಗಲೇ ಒಂದು ಸೀರೆ ಅಂಗಡಿಯ ಮುಂದೆ ಸಿಕ್ಕಿಹಾಕಿಕೊಂಡಿದ್ದ. ಬಣ್ಣ ಹೋಗುವುದಿಲ್ಲ ಅಂತ ಅಂಗಡಿಯವನು ಸೆರಗನ್ನು ಬಕೆಟ್ಟಿನ ನೀರಿಗೆ ಅದ್ದಿ ತೋರಿಸಿದ.

"ನೋಡ್ ಭಾವ, ಒಂದ್ ತೊಟ್ಟೂ ಬಣ್ಣ ಬುಡ್ಲಿಲ್ಲ."

"ಅವ್ನು ಅದ್ದಿದ್ದು ಸೆರಗು ಕಣ್ಲಾ. ಒಡಲು ಅದ್ದು ಅನ್ನು."

ಅಂಗಡಿಯವನು ಒಡಲು ಅದ್ದಲಿಲ್ಲ. ಬಾಮೈದ ಆದರೂ ಕೊಂಡ.

ದನ ಕಟ್ಟಿದ್ದ ಕಡೆ ಹೋದರೆ ಅವತ್ತು ಇದ್ದದ್ದೇ ಕಡಿಮೆ. ಪಾಲಹಳ್ಳಿ ಕಡೆಯವನೊಬ್ಬ ಕೆಂದೆತ್ತು ತಂದಿದ್ದ. ನಾನು ಕೋಲು ನಿಲ್ಲಿಸಿ ಅಳೆದೆ. ಕಚ್ಚಿಗೆ ಸರಿಯಾಗಿ ಬಂತು. ಆದರೆ ಎತ್ತಿನ ಮುಂಗಾಲು ನಿಂತದ್ದು ಸ್ವಲ್ಪ ದಿಬ್ಬದ ಮೇಲೆ. ಸಮದ ನೆಲಕ್ಕೆ ಇಳಿಸು ಎಂದೆ. ಅವನು, "ಎತ್ತು ಕೊಳ್ಳಕ್ ಬಂದಿದ್ದೀಯೋ, ಮನೆ ತೊಲೆ ಕೊಳ್ಳಕ್ ಬಂದಿದ್ದೀಯೋ?" ಎಂದು ಸುತ್ತ ನಿಂತವರನ್ನು ನಗಿಸಿದ. ಎತ್ತನ್ನು ಇಳಿಸಲಿಲ್ಲ. ಇಳಿಸದವನ ಹತ್ತಿರ ನನಗೆ ವ್ಯಾಪಾರವಿಲ್ಲ. ನಗುವವರು ನಗಲಿ ಎಂದು ಕೋಲು ಹೆಗಲಿಗೇರಿಸಿದೆ. ಆ ಸೀರೆ ಮೊದಲ ಒಗೆತಕ್ಕೆ ಬಾಮೈದನ ಎರಡು ಪಂಚೆಗಳನ್ನೂ ಗುಲಾಬಿ ಮಾಡಿತು ಎಂದು ಆಮೇಲೆ ತಿಳಿಯಿತು.

ಕೆ.ಆರ್. ಪೇಟೆ ಸಂತೆಯಲ್ಲಿ ದನಗಳಿಗೆ ಕೊರತೆಯಿಲ್ಲ. ದಲ್ಲಾಳಿಗಳಿಗೂ ಕೊರತೆಯಿಲ್ಲ. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಎಲೆಯಡಿಕೆ, ಕಣ್ಣು ಮಾತ್ರ ನಿಮ್ಮ ಸೊಂಟದ ಗಂಟಿನ ಮೇಲೆ. ಅವರ ರೀತಿ ಗೊತ್ತಲ್ಲ. ಟವೆಲ್ಲಿನ ಕೆಳಗೆ ನಿಮ್ಮ ಕೈ ಹಿಡಿದು ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಮಾರುವವನ ಬೆರಳಿಗೆ ಏನು ಹೇಳಿದರು, ಕೊಳ್ಳುವವನ ಬೆರಳಿಗೆ ಏನು ಹೇಳಿದರು, ಅದು ಆ ಟವೆಲ್ಲಿಗೇ ಗೊತ್ತು. ನಾನು ಕೈ ಕೊಡಲಿಲ್ಲ.

"ಬಾಯಲ್ಲಿ ಯೋಳಪ್ಪ, ನಂಗೆ ಕಿವಿ ಅದೆ" ಎಂದೆ.

"ಬಾಯಲ್ ಯೋಳಿದ್ರೆ ಊರಿಗೆಲ್ಲ ಕೇಳ್ತದೆ ಯಜಮಾನ್ರೇ."

"ಕೇಳ್ಲಿ ಬುಡು. ನಾನೇನ್ ಕದ್ದ ಎತ್ತು ಕೊಳ್ತಾ ಇದ್ದೀನಾ?"

ಅವನಿಗೆ ಅವಮಾನವಾಯಿತು. ಆದರೂ ಬಿಡದೆ ಒಂದು ಎತ್ತಿನ ಹತ್ತಿರ ಕರೆದುಕೊಂಡು ಹೋದ. ನಿಜ ಹೇಳುತ್ತೇನೆ, ಅಂಥ ಎತ್ತನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಬೂದಿ ಬಣ್ಣ, ಕೊಂಬು ಹಿಂದಕ್ಕೆ ಬಾಗಿ ಮಿರಿಮಿರಿ ಮಿಂಚುತ್ತಿದ್ದವು. ನಿಂತಲ್ಲಿ ನಿಲ್ಲದೆ ನೆಲ ಕೆರೆಯುತ್ತಿತ್ತು. ಎಡಗೋಲಿನದೇ. ಬಾಮೈದ ಅದರ ಬೆನ್ನು ಸವರಿ, "ಭಾವ, ನಮ್ದಕ್ಕೆ ಒಡುಟ್ಟಿದಂಗದೆ. ಕಣ್ಮುಚ್ಕೊಂಡ್ ತಗೋ" ಎಂದ.

ಕಣ್ಣು ಮುಚ್ಚಿದರೆ ಹೇಗೆ? ನಾನು ಕೊಂಬು ಮುಟ್ಟಿ ಬೆರಳು ಮೂಸಿದೆ. ಹರಳೆಣ್ಣೆ. ಅದೇನು ತಪ್ಪಲ್ಲ, ಎಲ್ಲರೂ ಹಚ್ಚುತ್ತಾರೆ. ಹಲ್ಲು ನೋಡಿದೆ, ಸುಳಿ ನೋಡಿದೆ, ಎಲ್ಲ ಸರಿಯಿತ್ತು. ಇಷ್ಟು ಸರಿಯಿರುವ ಎತ್ತು ಮಧ್ಯಾಹ್ನದವರೆಗೆ ಮಾರಾಟವಾಗದೆ ಯಾಕೆ ಉಳಿದಿದೆ? ಅದರ ಬಾಯಿ ಹತ್ತಿರ ಮೂಗು ಒಯ್ದೆ. ಹುರುಳಿ ನುಚ್ಚಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ನಾನು ಹುಣಸೆಮರದ ನೆರಳಿಗೆ ಹೋಗಿ ಕುಳಿತೆ.

"ಯಾಕ್ ಭಾವ?"

"ಪುರಿ ತಿನ್ನು. ಕೂತ್ಕೊ."

ಕುಳಿತೆವು. ಬಾಮೈದ ಪುರಿ ತಿಂದ, ಬೋಂಡ ತಿಂದ, ಕಡಲೇಕಾಯಿ ತಿಂದ. ದಲ್ಲಾಳಿ ಸುತ್ತಿ ಸುತ್ತಿ ಬಂದು, ಬೇರೆ ಗಿರಾಕಿ ಬಂದಿದ್ದಾರೆ, ಹೋಗಿಬಿಡುತ್ತದೆ ಎಂದು ಹೆದರಿಸಿದ. ಬಿಸಿಲು ಇಳಿಯುತ್ತ ಬಂದಂತೆ ಎತ್ತಿನ ಕುಣಿತವೂ ಇಳಿಯಿತು. ಮೊದಲು ತಲೆ ಜೋಲಿತು. ಆಮೇಲೆ ಮುಂಗಾಲು ಮಡಚಿತು. ಕೊನೆಗೆ ನಡುರಸ್ತೆಯಲ್ಲಿ ಕುಡುಕರು ಮಲಗುತ್ತಾರಲ್ಲ, ಹಾಗೇ ಮಗ್ಗುಲಿಗೆ ಒರಗಿ ಜೊಲ್ಲು ಬಿಟ್ಟಿತು. ಬೆಳಿಗ್ಗೆ ಅದಕ್ಕೆ ಸಾರಾಯಿ ಕುಡಿಸಿದ್ದರು. ಎಬ್ಬಿಸಲು ಬಾಲ ತಿರುಚಿದರೂ ಏಳಲಿಲ್ಲ. ಬಾಮೈದ ಕಡಲೇಕಾಯಿ ಸಿಪ್ಪೆ ಕೊಡವಿಕೊಂಡು ಎದ್ದು, "ಒಡುಟ್ಟಿದ್ದು ಅಂದ್ನಲ್ಲ, ನಿಮ್ ಚಿಕ್ಕಪ್ಪನಂಗದೆ" ಎಂದ. ಅವನ ಮೇಲೆ ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ.

ಪಾಂಡವಪುರ ನಮ್ಮದೇ ಸಂತೆ. ಅಲ್ಲಿ ಸಿಗಬೇಕಿತ್ತು. ಆದರೆ ನನ್ನ ಅವಸರ ಅಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನಾನು ಒಂದು ಎತ್ತಿನ ಮುಂದೆ ನಿಂತರೆ ಸಾಕು, ಅದರ ಯಜಮಾನ ಬೀಡಿ ಆರಿಸಿ ನೆಟ್ಟಗೆ ಕೂರುತ್ತಿದ್ದ, ಬೆಲೆಯೂ ನೆಟ್ಟಗೆ ಎದ್ದು ನಿಲ್ಲುತ್ತಿತ್ತು. ಟ್ರಾಕ್ಟರಿನ ಯಜಮಾನನೂ ಅವತ್ತು ಸಂತೆಯಲ್ಲಿದ್ದ. ನಾನು ಹೋದ ಕಡೆಯೆಲ್ಲ ಸ್ವಲ್ಪ ಹೊತ್ತಿನ ಮುಂಚೆ ಅವನು ನಿಂತು ಹೋಗಿದ್ದ ಎಂದು ಕಡಲೆ ಮಾರುವವಳೊಬ್ಬಳು ಹೇಳಿದಳು. ಅವನು ಬೆಲೆ ಏರಿಸಿ ಹೋದನೋ, ಮೆಣಸಿನಕಾಯಿ ಕೊಳ್ಳಲು ಬಂದಿದ್ದನೋ, ನಾನು ಕೇಳಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದರೆ ಕಾರ್ಖಾನೆಯ ಫೀಲ್ಡಿನವರು ಬಂದು ಹೋಗಿದ್ದರು. ಮುಂದಿನ ವಾರ ನಿಮ್ಮ ಗದ್ದೆ ಎಂದಿದ್ದರು.

ಉಳಿದದ್ದು ನಾಗಮಂಗಲ ಒಂದೇ. ಈ ಸಲ ಕೋಲು ಬಿಟ್ಟೆ. ನಮ್ಮೂರಿಂದ ಹಸು ಮಾರಲು ಹೊರಟವರ ಟೆಂಪೋದಲ್ಲಿ ಬೂದಿ ಎತ್ತನ್ನೇ ಹತ್ತಿಸಿಕೊಂಡು ಹೋದೆ. ಪಕ್ಕ ನಿಲ್ಲಿಸಿ ನೋಡಿದರೆ ದಿಬ್ಬ ಮೋಸ ಮಾಡುವುದಿಲ್ಲ.

ನಾಗಮಂಗಲದ ಸಂತೆಯಲ್ಲಿ ಕುರಿ ಜಾಸ್ತಿ, ಧೂಳು ಇನ್ನೂ ಜಾಸ್ತಿ. ಎತ್ತು ಕಟ್ಟಿದ್ದ ಸಾಲಿನ ಕೊನೆಗೆ ಒಬ್ಬ ಹೆಂಗಸು ಕುಳಿತಿದ್ದಳು. ನನ್ನ ವಯಸ್ಸಿನವಳೇ ಇರಬೇಕು. ದನದ ಸಾಲಿನಲ್ಲಿ ಮಾರುವ ಹೆಂಗಸು ನಾನು ಕಂಡದ್ದು ಅವಳೊಬ್ಬಳನ್ನೇ. ಪಕ್ಕದಲ್ಲಿ ಗಂಡಸಿಲ್ಲ, ದಲ್ಲಾಳಿಯಿಲ್ಲ. ಯಾರನ್ನೂ ಕರೆಯುತ್ತಲೂ ಇರಲಿಲ್ಲ. ಹಿಂದೆ ಮಾಸಲು ಬಿಳಿಯ ಎತ್ತು, ಕೊಂಬಿಗೆ ಎಣ್ಣೆಯಿಲ್ಲ, ಮೈಮೇಲೆ ಅಲ್ಲಲ್ಲಿ ಸಗಣಿ ಒಣಗಿತ್ತು. ತೊಳೆದುಕೊಂಡೂ ಬಂದಿರಲಿಲ್ಲ. ಬಾಮೈದ ಮೂಗು ಮುರಿದ. ನನಗೆ ಮಾತ್ರ ಅದು ಇಷ್ಟವಾಯಿತು. ಬೂದಿ ಎತ್ತನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ. ಬೆನ್ನಿಗೆ ಬೆನ್ನು ಸಮ. ಎಷ್ಟೋ ದಿನದಿಂದ ಎಡಕ್ಕೆ ಮುಖ ಹಾಕಿ ನಿಲ್ಲುತ್ತಿದ್ದ ನನ್ನೆತ್ತು ಆ ಬಿಳಿಯದರ ಕುತ್ತಿಗೆ ಮೂಸಿತು.

"ಯಾವ್ ಗೋಲಿಂದು?" ಎಂದೆ.

"ಎಡಗೋಲು."

"ಇದ್ರ ಜೊತೇದೆಲ್ಲಿ?"

"ನಮ್ಮ ತವರ್ಗೆ ಓಯ್ತು. ಅವ್ರುದು ಬಲಗೋಲಿಂದು ಕಾಲು ಮುರ್ಕೊಂಡಿತ್ತು."

"ಎರಡ್ನೂ ಯಾಕ್ ಒಯ್ಲಿಲ್ಲ?"

"ನಿನ್ಗೆ ಎರಡೂ ಬೇಕಾ?"

ಹಲ್ಲು, ಗೊರಸು, ಸುಳಿ, ಕಣ್ಣು ಎಲ್ಲ ನೋಡಿದೆ. ಬಾಯಿ ಮೂಸಿದೆ. ಬರೀ ಹುಲ್ಲಿನ ವಾಸನೆ. ಅಷ್ಟರಲ್ಲಿ ಅವಳು ಎದ್ದು ಬಂದು ನನ್ನ ಎತ್ತಿನ ಹೆಗಲನ್ನು ಕೈಯಿಂದ ಒತ್ತಿ ಒತ್ತಿ ನೋಡತೊಡಗಿದಳು.

"ಅಕ್ಕ, ಕೊಳ್ಳೋನು ನಾನು. ನನ್ನೆತ್ತನ್ನ ಯಾಕ್ ನೋಡ್ತೀಯ?"

"ನೊಗದ ಹುಣ್ಣಿದ್ರೆ ನಾನ್ ನಿನ್ಗೆ ಕೊಡಲ್ಲ. ಎಲ್ಲಿ, ಕೈ ತೋರು."

"ಕೈ ಯಾಕೆ?"

"ಕಟುಕ್ರಿಗೆ ದನ ತುಂಬೋರು ಇತ್ತಿತ್ಲಾಗೆ ರೈತ್ರಂಗೇ ಪಂಚೆ ಉಟ್ಕೊಂಡು ಬತ್ತಾವ್ರೆ. ತೋರು."

ತೋರಿಸಿದೆ. ಅವಳು ಬೆರಳಿಂದ ನನ್ನ ಅಂಗೈಯ ಗಂಟುಗಳನ್ನು ಮುಟ್ಟಿ ನೋಡಿ ಬಿಟ್ಟಳು. ಆಮೇಲೆ ತಾನಾಗಿಯೇ ಹೇಳಿದಳು: "ಒಂದ್ ದೋಸ ಅದೆ ಇದ್ಕೆ. ಕೂಗಿದ್ರೆ ನಿಂತ್ಬುಡ್ತದೆ. ಹೇ ಅಂದ್ರೆ ಸಾಕು, ಕಂಬ. ಕೈಯಲ್ಲಿ ಬೆನ್ ಮುಟ್ಟಿದ್ರೆ ಮಾತ್ರ ನಡೀತದೆ."

ನಾನು ಇಷ್ಟು ವರ್ಷ ಸಂತೆ ಮಾಡಿದ್ದೇನೆ. ತನ್ನ ಎತ್ತಿನ ದೋಷವನ್ನು ಕೇಳದೆ ಹೇಳಿದವರನ್ನು ಕಂಡಿರಲಿಲ್ಲ. ಸಣ್ಣ ದೋಷ ಹೇಳುವವರ ಹತ್ತಿರ ದೊಡ್ಡದೊಂದು ಅಡಗಿರುತ್ತದೆ. ಏನದು ಎಂದು ಮತ್ತೆ ಬಾಲದಿಂದ ಮೂತಿಯವರೆಗೆ ಹುಡುಕಿದೆ. ಸಿಗಲಿಲ್ಲ. ಬೆಲೆ ಬಾಯಿಯಲ್ಲೇ ಮಾತಾಡಿದೆವು, ಟವೆಲ್ಲಿಲ್ಲದೆ. ಅವಳು ಕೇಳಿದ್ದೂ ನ್ಯಾಯವಾಗಿತ್ತು, ಇಳಿದದ್ದೂ ನ್ಯಾಯವಾಗಿತ್ತು. ಅದೂ ನನಗೆ ಸರಿ ಕಾಣಲಿಲ್ಲ, ಆದರೆ ಒಪ್ಪಿದೆ.

ಆಗ ಅದಾಯಿತು. ನಮ್ಮ ಕಡೆ ಎತ್ತು ಮಾರುವವರು ಅದರ ಹಗ್ಗ ಕೊಡುವುದಿಲ್ಲ. ಕೊಳ್ಳುವವನು ಹೊಸ ಹಗ್ಗ ತಂದು ಕಟ್ಟಬೇಕು. ಮಾರುವವರು ಹಳೆಯದನ್ನು ಬಿಚ್ಚಿ, ಮಡಚಿ, ಮನೆಗೆ ಒಯ್ದು ಕೊಟ್ಟಿಗೆಯ ಗೂಟಕ್ಕೇ ನೇತು ಹಾಕುತ್ತಾರೆ. ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೇ ಅದರ ಹಿಂದೆ ಹೋಗುತ್ತದೆ, ಮತ್ತೆ ಆ ಮನೆಗೆ ದನ ಕೂಡಿಬರುವುದಿಲ್ಲ ಎಂದು ನಂಬಿಕೆ. ಕಡು ಜಿಪುಣನ ಹತ್ತಿರ ಹೋರಿ ಕಸಿಯಬಹುದು, ಹಗ್ಗ ಕಸಿಯಲಾಗದು. ನಾನು ಹೆಗಲಲ್ಲಿದ್ದ ಹೊಸ ಹಗ್ಗ ಬಿಚ್ಚುತ್ತಿದ್ದೆ. ಅವಳು ಎತ್ತಿನ ಹಗ್ಗದ ತುದಿಯನ್ನು ನನ್ನ ಕೈಯಲ್ಲಿಟ್ಟು, "ಇದ್ನೂ ಒಯ್ಯಿ. ಅಭ್ಯಾಸ ಆಗದೆ ಅದ್ಕೆ" ಎಂದಳು.

ಪಕ್ಕದಲ್ಲಿ ಹಸು ಮಾರುತ್ತಿದ್ದವನು ಬಾಯಿಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. ಬಾಮೈದ ನನ್ನ ಪಕ್ಕೆಗೆ ತಿವಿದು ಕಿವಿಯ ಹತ್ತಿರ ಬಂದ. ಎಲ್ಲರನ್ನೂ ನಂಬುವ ಅವನೇ ಅವತ್ತು ಹೇಳಿದ: "ಭಾವ, ಕಳ್ ಮಾಲು ಕಣ್ ಭಾವ. ಕೊಟ್ಟಿಗೆ ಇರೋರು ಎತ್ತಿನ್ ಅಗ್ಗ ಕೊಟ್ಟಾರಾ?"

ನನಗೂ ಅದೇ ಅನುಮಾನ ಬಂದಿತ್ತು. ಗಂಡಸಿಲ್ಲದೆ ಬಂದದ್ದು, ಜೊತೆ ಎತ್ತಿಲ್ಲದ್ದು, ತೊಳೆಯದೆ ತಂದದ್ದು, ಬೆಲೆಗೆ ಜಗಳವಾಡದ್ದು, ಎಲ್ಲ ಒಂದೇ ಕಡೆಗೆ ಬಂದು ನಿಂತವು. ಕದ್ದ ಎತ್ತು ಕೊಂಡರೆ ಎತ್ತೂ ಹೋಗುತ್ತದೆ, ಮಾನವೂ ಹೋಗುತ್ತದೆ.

"ಈ ಅಗ್ಗಾನ ಯಾಕ್ ಕೊಡ್ತಾ ಇದ್ದೀಯಕ್ಕ?" ಎಂದೆ.

"ಇನ್ಮ್ಯಾಲೆ ನಮ್ಮನೇಗೆ ದನ ಬ್ಯಾಡ."

"ದನ ಬ್ಯಾಡ ಅನ್ನೋ ಒಕ್ಕಲು ಎಲ್ಲದೆ?"

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಅರ್ಥವಾಯಿತು.

"ಬಾ," ಎಂದಳು. "ಎತ್ತು ಇಡ್ಕೊಂಡ್ ಬಾ. ನಮ್ಮೂರು ದೂರ ಇಲ್ಲ. ಬಂದು ಕಣ್ಣಾರೆ ನೋಡು. ನಿನ್ ದುಡ್ಡು ನಿನ್ನತ್ರಾನೇ ಮಡೀಕೋ."

ಅವಳ ಊರು ಬೆಳ್ಳೂರು ಕಡೆಯ ರಸ್ತೆಯಲ್ಲಿ ಒಳಕ್ಕೆ. ಅವಳು ಮುಂದೆ, ಎರಡು ಎತ್ತು ಹಿಡಿದು ನಾನು ಹಿಂದೆ, ಬಾಮೈದ ಇನ್ನೂ ಹಿಂದೆ. ದಾರಿಯುದ್ದಕ್ಕೂ ಅವಳು ಹಿಂತಿರುಗಿ ನೋಡಲಿಲ್ಲ. ಓಡಿಹೋಗುವವಳಂತೆಯೂ ನಡೆಯಲಿಲ್ಲ. ಯಾವ ತಿರುವಿನಲ್ಲಿ ಯಾರು ಕಾದಿರುತ್ತಾರೋ ಎಂದು ಬಾಮೈದ ಒಂದು ಕಲ್ಲು ಎತ್ತಿಕೊಂಡಿದ್ದ.

"ಅದ್ಯಾಕ್ಲಾ?"

"ಇರ್ಲಿ ಬುಡು ಭಾವ."

ಊರು ಬಂತು. ಬಿಳಿ ಎತ್ತು ತಾನೇ ನನ್ನ ಕೈಯನ್ನು ಎಳೆದುಕೊಂಡು ಒಂದು ಹೆಂಚಿನ ಮನೆಯ ಪಕ್ಕಕ್ಕೆ ತಿರುಗಿತು. ಕಳ್ಳ ಮಾಲಿಗೆ ಮನೆ ಗೊತ್ತಿರುವುದಿಲ್ಲ. ಅಲ್ಲಿಗೆ ಅರ್ಧ ಅನುಮಾನ ಕಳೆಯಿತು. ಬಾಗಿಲಲ್ಲಿ ಒಬ್ಬ ಗಂಡಸು ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹಿಡಿದು ನಿಂತಿದ್ದ. ಅವಳ ಗಂಡ.

"ಯಾರೇ ಇವ್ರು?"

"ನಮ್ಮೆತ್ತು ಕದ್ದ ಮಾಲೋ ಅಂತ ನೋಡಕ್ ಬಂದವ್ರೆ."

ಅವನು ಸ್ವಲ್ಪವೂ ಗಾಬರಿಯಾಗಲಿಲ್ಲ. "ಅಂಗಾರೆ ಕಾಲ್ ತೊಳ್ಕೊಂಡು ನೋಡ್ಲಿ" ಎಂದು ಒಳಗೆ ಹೋದ.

ಕೊಟ್ಟಿಗೆಯ ಬಾಗಿಲಿಗೆ ಹಸಿರು ನೈಲಾನ್ ಬಲೆ ಹೊಡೆದಿತ್ತು. ಬಾಮೈದನ ಜೇಬಿನಲ್ಲಿ ಬೀಡಿಯ ಕಟ್ಟು ಇದೆ ಎಂದು ಅವಳಿಗೆ ವಾಸನೆಯಿಂದಲೇ ತಿಳಿದು ಅವನನ್ನು ಹೊರಗೇ ನಿಲ್ಲಿಸಿದಳು. ಹೊಗೆಸೊಪ್ಪಿನ ಗಾಳಿ ತಾಗಿದರೂ ಹುಳ ಸಾಯುತ್ತವಂತೆ. ನಾನು ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ದನ ಕಟ್ಟುವ ಗೂಟಗಳನ್ನು ಬುಡಸಮೇತ ಕೊಯ್ದಿದ್ದರು. ಗೋದಲಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಬಿದಿರಿನ ತಟ್ಟೆಗಳನ್ನು ಸೂರಿನವರೆಗೆ ಜೋಡಿಸಿದ್ದರು. ಪ್ರತಿ ತಟ್ಟೆಯಲ್ಲೂ ರೇಷ್ಮೆ ಹುಳು. ಎಲ್ಲ ಒಟ್ಟಿಗೆ ಸೊಪ್ಪು ತಿನ್ನುವ ಸದ್ದು, ಒಣ ರಾಗಿತೆನೆಯನ್ನು ಅಂಗೈಯಲ್ಲಿ ಉಜ್ಜಿದ ಹಾಗೆ.

"ನಾಕನೇ ಸಲ ಪೊರೆ ಬುಟ್ಟು ಜ್ವರದಿಂದ ಎದ್ದವೆ. ಈಗ ಅಗ್ಲೂ ರಾತ್ರಿ ಸೊಪ್ಪು ಹಾಕ್ಬೇಕು. ಅದ್ಕೆ ಇವ್ರು ಮನೇಲಿ, ನಾನು ಸಂತೇಲಿ. ಎತ್ತಿನ ಮೈ ತೊಳ್ಯಕ್ಕೂ ಪುರುಸೊತ್ತಿಲ್ಲ" ಎಂದಳು. "ಸಗಣಿಗೆ ನೊಣ ಬತ್ತವೆ, ಓದ್ ಬೆಳೆ ಪೂರಾ ನೊಣಾನೇ ತಿಂದಾಕ್ತು. ಅವತ್ತೇ ದನ ಬ್ಯಾಡ ಅಂದ್ಬುಟ್ಟೆ. ಅಗ್ಗ ಮಡಿಕ್ಕೊಂಡು ಎಲ್ಲಿ ನೇತಾಕ್ಲಿ? ಗೂಟ ಎಲ್ಲದೆ, ತೋರು."

ನಾನು ಹೊರಗೆ ಬಂದೆ. ಎಲ್ಲ ಹೊಂದಿಕೆಯಾಗಿತ್ತು. ಸೊಂಟದ ಗಂಟು ಬಿಚ್ಚಲು ಹೋದೆ.

"ಬ್ಯಾಡ," ಎಂದಳು. "ನಿನ್ಗೆ ಕೊಡಲ್ಲ."

"ಯಾಕೆ?"

"ನನ್ ಅಗ್ಗ ಕೊಟ್ರೆ ಕಳ್ಳಿ ಅಂದೆ. ನನ್ನೆತ್ತು ಒಂದಿನ ಮೇವು ಬುಟ್ರೆ ಇನ್ನೇನಂತೀಯೋ. ಓಗು, ಬ್ಯಾರೆ ಎತ್ತು ನೋಡ್ಕೊ."

ಬಾಮೈದ ಕಲ್ಲನ್ನು ಮೆಲ್ಲಗೆ ಬೇಲಿಯೊಳಕ್ಕೆ ಬಿಟ್ಟ. ನನ್ನ ಕಣ್ಣ ಮುಂದೆ ಟ್ರಾಕ್ಟರಿನ ಯಜಮಾನನ ನಗು ಬಂತು. ಇನ್ನೊಂದು ಸಂತೆಗೆ ದಿನವಿರಲಿಲ್ಲ. ಕೈ ಮುಗಿದು ತಪ್ಪಾಯಿತು ಎಂದರೆ ಕೊಡುತ್ತಿದ್ದಳೋ ಏನೋ. ಆದರೆ ನನಗೆ ತಪ್ಪು ಮಾಡಿದ್ದೇನೆ ಅನ್ನಿಸಿರಲಿಲ್ಲ. ಅನ್ನಿಸದ್ದನ್ನು ಹೇಳಿ ಎತ್ತು ಹೊಡೆದುಕೊಂಡು ಹೋದರೆ ಅದೇ ಮೋಸ.

"ಅನುಮಾನ ಪಟ್ಟೆ, ನಿಜ. ನಾಳೆ ಇನ್ನೊಬ್ರು ಅಗ್ಗ ಕೊಟ್ರೂ ಪಡ್ತೀನಿ. ನೀನ್ ನನ್ ಅಂಗೈ ಮುಟ್ಟಿ ಯಾಕ್ ನೋಡ್ದೆ? ನನ್ನನ್ನ ಕಟುಕ್ರ ಏಜೆಂಟು ಅಂದ್ಕೊಂಡಿರ್ಲಿಲ್ವಾ? ನಾನ್ ಕೋಪ ಮಾಡ್ಕೊಂಡ್ನಾ?"

ಒಳಗಿನಿಂದ ಗಂಡನ ದನಿ: "ಓಗ್ಲಿ ಕೊಟ್ಕಳ್ಸೇ, ಸೊಪ್ಪು ತೀರೋಯ್ತು!"

"ನೀವ್ ಸುಮ್ಕಿರಿ," ಎಂದು ಅವಳು ಗದರಿ ನನ್ನ ಕಡೆ ತಿರುಗಿದಳು. "ಕಟ್ಟು. ಎರಡ್ನೂ ಕಟ್ಟು. ನೀ ಗಾಡಿ ಒಡೆಯೋದ್ ನೋಡ್ಬುಟ್ಟು ಯೋಳ್ತೀನಿ."

ಅವರ ಗಾಡಿಗೆ ಇನ್ನೂ ಗಿರಾಕಿ ಸಿಕ್ಕಿರಲಿಲ್ಲ. ಸೊಪ್ಪಿನ ಕುಕ್ಕೆಗಳನ್ನು ಇಳಿಸಿ, ನೊಗಕ್ಕೆ ಎರಡನ್ನೂ ಕಟ್ಟಿದೆ. ಬಿಳಿಯದು ತಾನೇ ಬಂದು ನೊಗದ ಕೆಳಗೆ ಕುತ್ತಿಗೆ ಕೊಟ್ಟಿತು. ನಾನು ಗಾಡಿಯ ಮುಂದಿನ ಮರ, ಮೂಕಿಯ ಮೇಲೆ ಕುಳಿತೆ. ಹುಟ್ಟಿದಾಗಿನಿಂದ ಗಾಡಿ ಹೊಡೆದವನು ನಾನು, ಆದರೆ ಬಾಯಿ ಮುಚ್ಚಿಕೊಂಡು ಹೊಡೆದವನಲ್ಲ. ನನ್ನ ಗಾಡಿ ಬರುವುದು ಪಕ್ಕದ ಊರಿಗೆ ಮೊದಲೇ ತಿಳಿಯುತ್ತಿತ್ತು. ಗಂಟಲಿಗೆ ಬಂದದ್ದನ್ನು ನುಂಗಿ ಅಂಗೈಯನ್ನು ಎಡಗಡೆಯದರ ಬೆನ್ನ ಮೇಲಿಟ್ಟೆ. ಗಾಡಿ ಹೊರಟಿತು. ಎರಡರ ಹೆಜ್ಜೆಯೂ ಒಂದೇ ಸಮ. ಬೀದಿಯ ತುದಿಯವರೆಗೆ ಹೋಗಿ ತಿರುಗಿಸಿದೆ.

ವಾಪಸ್ಸು ಬರುವಾಗ ಬಾಮೈದನಿಗೆ ಖುಷಿ ತಡೆಯಲಾಗಲಿಲ್ಲ. "ಹೇಯ್! ಬಾ ನನ್ ರಾಜ!" ಎಂದು ಕೂಗಿಬಿಟ್ಟ. ಗಾಡಿ ನಿಂತೇಬಿಟ್ಟಿತು. ನಾನು ಮುಂದಕ್ಕೆ ಮುಗ್ಗರಿಸಿ ಎತ್ತಿನ ಬಾಲ ಹಿಡಿದುಕೊಂಡೆ. ಜಗುಲಿಯಲ್ಲಿ ನಿಂತ ಅವಳು ಮೊದಲ ಸಲ ನಕ್ಕಳು.

"ಯೋಳಿರ್ಲಿಲ್ವಾ?"

"ನೀ ಯೋಳಿದ್ದೆ" ಎಂದೆ.

ಮತ್ತೆ ಬೆನ್ನ ಮೇಲೆ ಕೈಯಿಟ್ಟೆ. ಮತ್ತೆ ನಡೆಯಿತು. ಅವಳ ಮುಂದೆ ಬಂದು ನಿಲ್ಲಿಸಿದಾಗ ಅವಳು ಎತ್ತಿನ ಮೂತಿ ಸವರಿ, "ಇವ್ನು ಬಾಯ್ ಬುಡ್ದಂಗೆ ನೋಡ್ಕೊ" ಎಂದು ಬಾಮೈದನ ಕಡೆ ಬೆರಳು ತೋರಿಸಿದಳು. ದುಡ್ಡು ತೆಗೆದುಕೊಂಡು, ಎಣಿಸದೆ ಸೆರಗಿಗೆ ಗಂಟು ಹಾಕಿಕೊಂಡು, ಕುಕ್ಕೆ ಎತ್ತಿ ಒಳಗೆ ಹೋದಳು. ಎಣಿಸಬೇಕಿತ್ತು. ನಾನಾಗಿದ್ದರೆ ಎಣಿಸುತ್ತಿದ್ದೆ.

ಮುಂದಿನ ವಾರ ಕಟಾವು ಶುರುವಾಯಿತು. ಮೊದಲ ಗಾಡಿ ತುಂಬಿ ನಾಲೆಯ ಸೇತುವೆ ಏರುತ್ತಿದ್ದೆ. ಅಲ್ಲಿ ಏರು ಜಾಸ್ತಿ, ಖಾಲಿ ಗಾಡಿಯೇ ಏದುಸಿರು ಬಿಡುತ್ತದೆ. ಅರ್ಧ ಏರಿದಾಗ ಹಿಂದಿನಿಂದ ಟ್ರಾಕ್ಟರು ಬಂದು ಹಾರನ್ನು ಬಾರಿಸತೊಡಗಿತು. ಬಿಳಿಯದರ ಕಿವಿ ಹಿಂದಕ್ಕೆ ಹೋಯಿತು, ಹೆಜ್ಜೆ ನಿಧಾನವಾಯಿತು. ಅಲ್ಲಿ ನಿಂತರೆ ಗಾಡಿ ಹಿಂದಕ್ಕೆ ಜಾರುವುದೇ. ನಾನು ಧುಮುಕಿ ಎಡಗಡೆಗೆ ಬಂದು ಅದರ ಬೆನ್ನ ಮೇಲೆ ಎರಡೂ ಕೈಯಿಟ್ಟು ಜೊತೆಗೇ ನಡೆದೆ. ಟ್ರಾಕ್ಟರಿನ ಯಜಮಾನ ಕತ್ತು ಹೊರಹಾಕಿ, "ಏನಣ್ಣ, ಗಂಟ್ಲು ಬಿದ್ದೋಯ್ತಾ? ಸದ್ದೇ ಇಲ್ವಲ್ಲ!" ಎಂದು ಕೂಗಿದ. ನಾನು ಉತ್ತರ ಕೊಡಲಿಲ್ಲ, ಕೊಡುವ ಹಾಗಿರಲಿಲ್ಲ. ಬೂದಿಯದು ಎಳೆಯಿತು, ಬಿಳಿಯದೂ ಎಳೆಯಿತು, ಗಾಲಿ ಒಂದೊಂದೇ ಸುತ್ತು ಮೇಲಕ್ಕೆ ಬಂದು ಸೇತುವೆಯ ಸಮಕ್ಕೆ ಹತ್ತಿತು.

ಆಚೆ ಬದಿಗೆ ಇಳಿದ ಮೇಲೆ ಗಾಡಿ ಓರೆಗೆ ನಿಲ್ಲಿಸಿ ಟ್ರಾಕ್ಟರಿಗೆ ದಾರಿ ಬಿಟ್ಟೆ. ಅವನು ದಾಟಿ ಹೋಗುವವರೆಗೆ ಕಾದು, ಬಿಳಿಯದರ ಗೊರಸು ಎತ್ತಿ ನೋಡಿದೆ, ಹೆಗಲು ಒತ್ತಿ ನೋಡಿದೆ, ಬಾಯಿ ಬಿಡಿಸಿ ನೋಡಿದೆ. ಏನೂ ಆಗಿರಲಿಲ್ಲ. ಕಾರ್ಖಾನೆಯ ಗೇಟಿನ ಸಾಲಿನಲ್ಲಿ ಇನ್ನೊಂದು ಸಲ ನೋಡಿದರಾಯಿತು ಎಂದು ಗಾಡಿ ಹತ್ತಿದೆ.